ಹಳೆಯ ಹಾಕಿ ಕಾರ್ಡ್‌ಗೆ 27 ಕೋಟಿ ರೂಪಾಯಿ! ಇದು ಆಟಗಾರನ ಬೆಲೆಯೋ, ರಟ್ಟಿನ ಬೆಲೆಯೋ?

ಟ್ರ್ಯಾಕ್ಟರ್ ಚಿತ್ರವಿರುವ ಹಳೆಯ ಐದು ರೂಪಾಯಿ ನೋಟಿಗೆ ಲಕ್ಷಾಂತರ ರೂಪಾಯಿ, ದೇವರ ಚಿತ್ರವಿರುವ ನಾಣ್ಯಕ್ಕೆ ಹತ್ತು ಲಕ್ಷ. ಇಂಥ ಸಂದೇಶಗಳು ನಮ್ಮೆಲ್ಲರ ಮೊಬೈಲಿಗೂ ಬಂದಿವೆ. ಅದೇ ಸಾಲಿಗೆ ಸೇರುವಂತೆ ಕಾಣುವ ಇನ್ನೊಂದು ಸುದ್ದಿಯಿದೆ: ಕೆನಡಾದಲ್ಲಿ ಮಕ್ಕಳಿಗೆ ಬಬಲ್ ಗಮ್ ಪೊಟ್ಟಣದಲ್ಲಿ ಸಿಗುತ್ತಿದ್ದ ಅಂಗೈಯಗಲದ ರಟ್ಟಿನ ಚೀಟಿಯೊಂದು 37.5 ಲಕ್ಷ ಡಾಲರ್‌ಗೆ, ಅಂದಿನ ವಿನಿಮಯ ದರದಲ್ಲಿ ಸುಮಾರು 27 ಕೋಟಿ ರೂಪಾಯಿಗೆ ಮಾರಾಟವಾಯಿತು.

ಆಶ್ಚರ್ಯವೆಂದರೆ ಈ ಸುದ್ದಿ ನಿಜ. 2021ರ ಮೇ ತಿಂಗಳಲ್ಲಿ ನಡೆದ ಮಾರಾಟವಿದು. ಆದರೆ ನಿಜವಾದ ಸುದ್ದಿಯಿಂದಲೂ ಸುಳ್ಳು ತೀರ್ಮಾನಗಳು ಹುಟ್ಟುತ್ತವೆ. 'ಹಳೆಯ ಕಾರ್ಡ್ ಇದ್ದರೆ ಕೋಟ್ಯಧಿಪತಿ', 'ಕಾರ್ಡ್ ದುಬಾರಿಯಾದರೆ ಆ ಆಟಗಾರನೇ ಶ್ರೇಷ್ಠ', 'ಇಂದೇ ಕೊಂಡಿಟ್ಟರೆ ನಾಳೆ ಹತ್ತು ಪಟ್ಟು'. ಈ ಮೂರೂ ಮಾತುಗಳಲ್ಲಿ ಎಷ್ಟು ಹುರುಳಿದೆ ಎಂದು ನಾವು ಈ ಲೇಖನದಲ್ಲಿ ನೋಡೋಣ.

ಮೊದಲಿಗೆ, ಈ ಕಾರ್ಡ್ ಎಂದರೇನು?

ಇಲ್ಲಿ ಹೇಳುತ್ತಿರುವುದು ಕೊಡಗಿನ ಮೈದಾನಗಳಲ್ಲಿ ನಾವು ನೋಡುವ ಹಾಕಿಯಲ್ಲ, ಮಂಜುಗಡ್ಡೆಯ ಮೇಲೆ ಸ್ಕೇಟ್ ಕಟ್ಟಿಕೊಂಡು ಆಡುವ ಐಸ್ ಹಾಕಿ. ಕೆನಡಾ ಮತ್ತು ಅಮೆರಿಕದಲ್ಲಿ 'ಹಾಕಿ' ಎಂದರೆ ಅದೇ. ಅಲ್ಲಿನ ದೊಡ್ಡ ಪಂದ್ಯಾವಳಿ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್.

ಕಾರ್ಡ್‌ನ ಮುಂಭಾಗದಲ್ಲಿ ಆಟಗಾರನ ಚಿತ್ರ, ಹಿಂಭಾಗದಲ್ಲಿ ಅವನ ಹುಟ್ಟಿದೂರು, ಎತ್ತರ, ತೂಕ, ಆಡಿದ ಪಂದ್ಯ, ಹೊಡೆದ ಗೋಲು. ನಮ್ಮಲ್ಲಿ 90ರ ದಶಕದಲ್ಲಿ ಬೆಳೆದವರಿಗೆ ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟಿಗರ ಚಿತ್ರಗಳು, ಕುಸ್ತಿಪಟುಗಳ ಟ್ರಂಪ್ ಕಾರ್ಡ್‌ಗಳು ನೆನಪಿರಬಹುದು. ಹೆಚ್ಚುಕಡಿಮೆ ಅಂಥದ್ದೇ.

ಇದರ ಹುಟ್ಟು ಮಾತ್ರ ಅಷ್ಟು ಮುಗ್ಧವಲ್ಲ. ಮೊದಲ ಹಾಕಿ ಕಾರ್ಡ್‌ಗಳು 1910-11ರಲ್ಲಿ ಬಂದದ್ದು ಸಿಗರೇಟ್ ಪೊಟ್ಟಣದೊಳಗೆ. 36 ಕಾರ್ಡ್‌ಗಳ ಆ ಕಂತನ್ನು ಹೊರತಂದದ್ದು ಕೆನಡಾದ ಇಂಪೀರಿಯಲ್ ಟೊಬ್ಯಾಕೊ ಕಂಪನಿ. ಕಾರ್ಡ್ ಇದ್ದರೆ ಮೆತ್ತನೆಯ ಪೊಟ್ಟಣ ಮುದುಡುವುದಿಲ್ಲ, ಜೊತೆಗೆ ಕಂತು ಪೂರ್ತಿ ಮಾಡುವ ಆಸೆಗೆ ಗಿರಾಕಿ ಅದೇ ಬ್ರ್ಯಾಂಡ್ ಮತ್ತೆ ಕೊಳ್ಳುತ್ತಾನೆ. ನಂತರದ ದಶಕಗಳಲ್ಲಿ ತಂಬಾಕಿನ ಜಾಗಕ್ಕೆ ಮಿಠಾಯಿ, ಚ್ಯೂಯಿಂಗ್ ಗಮ್ ಬಂದವು. ಉಪಾಯ ಮಾತ್ರ ಬದಲಾಗಲಿಲ್ಲ. 1923-24ರಲ್ಲಿ ಪ್ಯಾಟರ್ಸನ್ ಎಂಬ ಮಿಠಾಯಿ ಕಂಪನಿಯ ಕಂತಿನಲ್ಲಿ ಬರ್ಟ್ ಕಾರ್ಬೋ ಎಂಬ ಆಟಗಾರನ ಕಾರ್ಡ್ ಬೇಕೆಂದೇ ಬಹಳ ಕಡಿಮೆ ಅಚ್ಚಾಯಿತು. ಪೂರ್ತಿ ಕಂತು ಒಪ್ಪಿಸಿದವರಿಗೆ ಬಹುಮಾನವಿತ್ತು, ಆ ಒಂದು ಕಾರ್ಡ್ ಸಿಗದಿದ್ದರೆ ಬಹುಮಾನವೂ ಇಲ್ಲ. ಇಂದು ಸಂಗ್ರಾಹಕರು ಹುಡುಕುವುದು ಅದೇ ಕಾರ್ಡನ್ನು. ಅವನು ತಂಡದ ಅತಿ ದೊಡ್ಡ ತಾರೆ ಎಂದಲ್ಲ, ಕಾರ್ಡ್ ಸಿಗುವುದಿಲ್ಲ ಎಂದು. ಬೆಲೆಯ ಗುಟ್ಟಿನ ಮೊದಲ ಸುಳಿವು ಇಲ್ಲಿಯೇ ಇದೆ.

ನಂಬಿಕೆ 1: ಹಳೆಯದಾದಷ್ಟೂ ಬೆಲೆ ಹೆಚ್ಚು

ಅರ್ಧ ನಿಜ. ಬೆಲೆ ನಿರ್ಧರಿಸುವುದು ವಯಸ್ಸಲ್ಲ. ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ, ಎಷ್ಟು ಜನ ಕೇಳುತ್ತಿದ್ದಾರೆ ಎಂಬ ಮೂರು ಸಂಗತಿಗಳು.

27 ಕೋಟಿಗೆ ಮಾರಾಟವಾದ ಕಾರ್ಡನ್ನೇ ನೋಡೋಣ. ಅದು 1979-80ರಲ್ಲಿ ಓ-ಪೀ-ಚೀ ಎಂಬ ಕೆನಡಾದ ಗಮ್ ಕಂಪನಿ ಹೊರತಂದ 396 ಕಾರ್ಡ್‌ಗಳ ಕಂತಿನಲ್ಲಿ 18ನೆಯದು. ಚಿತ್ರದಲ್ಲಿರುವವನು ಎಡ್ಮಂಟನ್ ಆಯಿಲರ್ಸ್ ತಂಡದ ಹದಿಹರೆಯದ ವೇಯ್ನ್ ಗ್ರೆಟ್ಸ್ಕಿ. ಈ ಕಾರ್ಡ್ ಅಪರೂಪವೇನಲ್ಲ, ಸಾವಿರಾರು ಪ್ರತಿಗಳು ಇಂದಿಗೂ ಇವೆ. ಅಪರೂಪವಾದದ್ದು ಕಳಂಕವಿಲ್ಲದ ಪ್ರತಿ.

ಕಾರಣ ಸರಳ. ಆ ಕಾರ್ಡ್‌ನ ಅಂಚು ನೀಲಿ ಬಣ್ಣದ್ದು. ಸ್ವಲ್ಪ ಉಜ್ಜಿದರೂ ಒಳಗಿನ ಬಿಳಿ ರಟ್ಟು ಕಾಣುತ್ತದೆ. ಓ-ಪೀ-ಚೀ ಕಾರ್ಡ್‌ಗಳ ಅಂಚು ಹುಟ್ಟುವಾಗಲೇ ಒರಟು, ಚಿತ್ರ ನಡುವಿನಿಂದ ಸರಿದಿರುವುದೂ ಸಾಮಾನ್ಯ. ಮೇಲಾಗಿ ಅವು ಮಕ್ಕಳ ಕೈಗೆ ಹೋದವು. ಮಕ್ಕಳು ಅವನ್ನು ರಬ್ಬರ್ ಬ್ಯಾಂಡ್ ಹಾಕಿ ಜೇಬಿನಲ್ಲಿಟ್ಟುಕೊಂಡರು, ಗೋಡೆಗೆ ಎಸೆದು ಪಂದ್ಯ ಕಟ್ಟಿದರು, ಟರ್ ಟರ್ ಸದ್ದು ಬರಲೆಂದು ಸೈಕಲ್ ಕಡ್ಡಿಗೆ ಸಿಕ್ಕಿಸಿದರು. ಮಕ್ಕಳು ದೊಡ್ಡವರಾದ ಮೇಲೆ ಅಮ್ಮಂದಿರು ಉಳಿದದ್ದನ್ನು ಕಸಕ್ಕೆ ಹಾಕಿದರು.

ಕಾರ್ಡ್‌ಗಳ ಸ್ಥಿತಿ ನೋಡಿ 1ರಿಂದ 10ರವರೆಗೆ ಅಂಕ ಕೊಡುವ ಕಂಪನಿಗಳು ಅಮೆರಿಕದಲ್ಲಿವೆ. 1991ರಲ್ಲಿ ಶುರುವಾದ ಪಿಎಸ್‌ಎ ಅವುಗಳಲ್ಲಿ ಹೆಸರುವಾಸಿ. ಪರೀಕ್ಷೆಗೆ ಬಂದ ಸಾವಿರಾರು ಗ್ರೆಟ್ಸ್ಕಿ ಕಾರ್ಡ್‌ಗಳಲ್ಲಿ, 2021ರ ಮಾರಾಟದ ಹೊತ್ತಿಗೆ ಪಿಎಸ್‌ಎಯಿಂದ 10ಕ್ಕೆ 10 ಪಡೆದಿದ್ದವು ಎರಡೇ ಎರಡು. ಅಂಥ ಒಂದು ಪ್ರತಿಗೆ 2016ರಲ್ಲಿ 4,65,000 ಡಾಲರ್ ಸಿಕ್ಕಿತ್ತು. 2020ರ ಡಿಸೆಂಬರ್‌ನಲ್ಲಿ 12.9 ಲಕ್ಷ ಡಾಲರ್. ಮುಂದಿನ ಮೇ ತಿಂಗಳಿಗೆ 37.5 ಲಕ್ಷ ಡಾಲರ್. ಅದೇ ಆಟಗಾರ, ಅದೇ ಚಿತ್ರ, ಅದೇ ವರ್ಷದ ಮಡಿಕೆ ಬಿದ್ದ ಕಾರ್ಡ್‌ಗೆ ಇದರ ಸಣ್ಣದೊಂದು ಪಾಲೂ ಸಿಗುವುದಿಲ್ಲ.

ಆದ್ದರಿಂದ ಈ ಬೆಲೆಯನ್ನು 'ಗ್ರೆಟ್ಸ್ಕಿ ಕಾರ್ಡ್‌ನ ಬೆಲೆ' ಎನ್ನುವುದು ತಪ್ಪು. ಅದು ಆ ಎರಡು ಪ್ರತಿಗಳ ಬೆಲೆ. ಫಾರ್ವರ್ಡ್ ಸಂದೇಶಗಳಲ್ಲಿ ಬಿಟ್ಟುಹೋಗುವುದು ಈ ಒಂದು ಸಾಲು.

ನಂಬಿಕೆ 2: 'ರೂಕಿ ಕಾರ್ಡ್' ಎಂದರೆ ಆಟಗಾರನ ಮೊದಲ ವರ್ಷದ ಕಾರ್ಡ್

ಹೊಸ ಆಟಗಾರನಿಗೆ ಅಲ್ಲಿ 'ರೂಕಿ' ಎನ್ನುತ್ತಾರೆ. ಸಂಗ್ರಾಹಕರಿಗೆ ರೂಕಿ ಕಾರ್ಡ್ ಎಂದರೆ ಪ್ರಾಣ. ಆದರೆ ಆ ಪದದ ಅರ್ಥ ಆಟಗಾರನ ಮೊದಲ ವರ್ಷವಲ್ಲ, ಮುಖ್ಯ ಕಂತಿನಲ್ಲಿ ಬಂದ ಮೊದಲ ಕಾರ್ಡ್. ಎರಡಕ್ಕೂ ವ್ಯತ್ಯಾಸವಿದೆ.

ಮಾಂಟ್ರಿಯಲ್‌ನ ಮೊರಿಸ್ ರಿಶಾರ್ ಎನ್‌ಎಚ್‌ಎಲ್‌ಗೆ ಬಂದದ್ದು 1942ರಲ್ಲಿ. ಡೆಟ್ರಾಯಿಟ್‌ನ ಗೋರ್ಡಿ ಹೌ ಬಂದದ್ದು 1946ರಲ್ಲಿ. ಇಬ್ಬರ ರೂಕಿ ಕಾರ್ಡ್ ಬಂದದ್ದು ಮಾತ್ರ 1951-52ರ ಪಾರ್ಕ್‌ಹರ್ಸ್ಟ್ ಕಂತಿನಲ್ಲಿ. ಎರಡನೇ ಮಹಾಯುದ್ಧದ ವೇಳೆ ನಿಂತುಹೋದ ಕಾರ್ಡ್ ತಯಾರಿಕೆ ಮತ್ತೆ ಸರಿಯಾಗಿ ಶುರುವಾದದ್ದೇ ಆಗ. ಅಷ್ಟರಲ್ಲಿ ರಿಶಾರ್ ಒಂದೇ ಋತುವಿನ 50 ಪಂದ್ಯಗಳಲ್ಲಿ 50 ಗೋಲು ಹೊಡೆದು ದಂತಕಥೆಯಾಗಿದ್ದರು. ಯುದ್ಧಕಾಲದಲ್ಲಿ ಆಡಿ, 1951ಕ್ಕೆ ಮೊದಲೇ ನಿವೃತ್ತರಾದ ಎಷ್ಟೋ ಆಟಗಾರರಿಗೆ ಆಡುತ್ತಿದ್ದ ಕಾಲದ ಕಾರ್ಡೇ ಇಲ್ಲ. ಕಾರ್ಡ್ ಇಲ್ಲ ಎಂದ ಮಾತ್ರಕ್ಕೆ ಆಟಗಾರ ಇರಲಿಲ್ಲ ಎಂದಲ್ಲ.

ಇನ್ನೊಂದು ತಮಾಷೆ ನೋಡಿ. ಜಗತ್ತಿನ ಅತ್ಯಂತ ಹೆಸರಾಂತ ಹಾಕಿ ರೂಕಿ ಕಾರ್ಡ್ ಗ್ರೆಟ್ಸ್ಕಿಯದು. ಆದರೆ ಎನ್‌ಎಚ್‌ಎಲ್ ಲೆಕ್ಕದಲ್ಲಿ ಅವರು ಆ ವರ್ಷ ರೂಕಿಯೇ ಅಲ್ಲ! ಹಿಂದಿನ ವರ್ಷ ಅವರು ಡಬ್ಲ್ಯುಎಚ್‌ಎ ಎಂಬ ಪ್ರತಿಸ್ಪರ್ಧಿ ಲೀಗ್‌ನಲ್ಲಿ ಆಡಿದ್ದರಿಂದ, ಹೊಸಬರಿಗೆ ಕೊಡುವ ಪ್ರಶಸ್ತಿಗೆ ಅವರನ್ನು ಪರಿಗಣಿಸಲಿಲ್ಲ. ಆ ಪ್ರಶಸ್ತಿ ರೇ ಬೋರ್ಕ್ ಪಾಲಾಯಿತು.

ಒಂದೇ ಕಂತಿನಲ್ಲಿ ಎರಡು ಯುಗ

ಅದೇ 1979-80ರ ಕಂತಿನ 175ನೇ ಕಾರ್ಡ್ ಗೋರ್ಡಿ ಹೌ ಅವರದು. 1946ರಲ್ಲಿ ಆಡಲು ಶುರುಮಾಡಿದ ಹೌ, ನಡುವೆ ನಿವೃತ್ತರಾಗಿ, ಡಬ್ಲ್ಯುಎಚ್‌ಎಯಲ್ಲಿ ಮತ್ತೆ ಸ್ಕೇಟ್ ಕಟ್ಟಿ, ಕೊನೆಗೆ ಹಾರ್ಟ್‌ಫರ್ಡ್ ತಂಡದ ಪರವಾಗಿ ಎನ್‌ಎಚ್‌ಎಲ್‌ಗೆ ಮರಳಿದ್ದರು. ಆ ಋತುವಿನ ಎಲ್ಲ 80 ಪಂದ್ಯಗಳನ್ನೂ ಆಡಿದರು. ಋತು ಮುಗಿಯುವ ಹೊತ್ತಿಗೆ ಅವರಿಗೆ 52 ವರ್ಷ. ಒಬ್ಬರ ಮೊದಲ ಕಾರ್ಡ್, ಇನ್ನೊಬ್ಬರ ಆಟದ ಕಾಲದ ಕೊನೆಯ ಕಾರ್ಡ್, ಎರಡೂ ಒಂದೇ ಗಮ್ ಪೊಟ್ಟಣದಲ್ಲಿ ಬರಬಹುದಾಗಿತ್ತು. ಹೌ ಎಂದರೆ ಗ್ರೆಟ್ಸ್ಕಿಗೆ ಬಾಲ್ಯದಿಂದಲೂ ಆರಾಧ್ಯ. ಹೌ ಅವರ 9ನೇ ಸಂಖ್ಯೆ ತಂಡದಲ್ಲಿ ಬೇರೆಯವರ ಬಳಿ ಇದ್ದ ಕಾರಣಕ್ಕೇ ಗ್ರೆಟ್ಸ್ಕಿ 99 ತೊಟ್ಟರು.

ಇನ್ನೊಂದು ವ್ಯತ್ಯಾಸವೂ ಇದೆ. ಗ್ರೆಟ್ಸ್ಕಿ ತಲೆಯ ಮೇಲೆ ಹೆಲ್ಮೆಟ್ ಇದೆ. ಹೌ ಹೆಲ್ಮೆಟ್ ಇಲ್ಲದೆ ಆಡಿದ ತಲೆಮಾರಿನವರು. 1950ರಲ್ಲಿ ಆಟದ ನಡುವೆ ತಲೆಗೆ ಪೆಟ್ಟು ಬಿದ್ದು, ತಲೆಬುರುಡೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬದುಕುಳಿದವರು ಅವರು. ಹೊಸದಾಗಿ ಲೀಗ್ ಸೇರುವವರಿಗೆ ಹೆಲ್ಮೆಟ್ ಕಡ್ಡಾಯವಾದದ್ದು 1979ರಲ್ಲಿ.

ನಂಬಿಕೆ 3: ಹಿಂಭಾಗದ ಅಂಕಿ ನೋಡಿದರೆ ಯಾರು ಶ್ರೇಷ್ಠ ಎಂದು ಗೊತ್ತಾಗುತ್ತದೆ

ಟ್ರಂಪ್ ಕಾರ್ಡ್ ಆಟದಲ್ಲಿ ದೊಡ್ಡ ಸಂಖ್ಯೆ ಗೆಲ್ಲುತ್ತದೆ. ನಿಜವಾದ ಆಟ ಹಾಗಲ್ಲ. ಬೇರೆ ಬೇರೆ ಕಾಲದ ಅಂಕಿಗಳನ್ನು ನೇರವಾಗಿ ಹೋಲಿಸುವುದು, 1960ರ ಒಂದು ರೂಪಾಯಿಯನ್ನು ಇಂದಿನ ಒಂದು ರೂಪಾಯಿಗೆ ಹೋಲಿಸಿದಂತೆ.

ರಿಶಾರ್ ನಿವೃತ್ತರಾದಾಗ ಅವರ ಲೆಕ್ಕದಲ್ಲಿದ್ದದ್ದು 978 ಪಂದ್ಯ, 544 ಗೋಲು. ಹೌ ಅವರದು 1,767 ಪಂದ್ಯ, 801 ಗೋಲು. ಗ್ರೆಟ್ಸ್ಕಿಯದು 1,487 ಪಂದ್ಯ, 894 ಗೋಲು. 2025ರ ಏಪ್ರಿಲ್ 6ರಂದು ರಷ್ಯಾದ ಅಲೆಕ್ಸಾಂಡರ್ ಒವೆಚ್ಕಿನ್ 895ನೇ ಗೋಲು ಹೊಡೆದು ಈ ದಾಖಲೆ ಮುರಿದರು. ಕಾಕತಾಳೀಯವೆಂಬಂತೆ ಅದು ಅವರ 1,487ನೇ ಪಂದ್ಯ.

ಹಾಗಾದರೆ ಇಬ್ಬರೂ ಸಮಾನರೇ? ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದಿದೆ: ಆ ಕಾಲದಲ್ಲಿ ಗೋಲು ಹೊಡೆಯುವುದು ಎಷ್ಟು ಸುಲಭವಿತ್ತು? 1980ರ ದಶಕದ ಆರಂಭದಲ್ಲಿ ಎರಡೂ ತಂಡ ಸೇರಿ ಒಂದು ಪಂದ್ಯಕ್ಕೆ ಸರಾಸರಿ ಸುಮಾರು 8 ಗೋಲು ಬರುತ್ತಿದ್ದವು. 2003-04ರ ಹೊತ್ತಿಗೆ ಅದು ಸುಮಾರು 5ಕ್ಕೆ ಇಳಿಯಿತು. ಮುಂದೆ ನಿಯಮಗಳ ಬದಲಾವಣೆಯೊಂದಿಗೆ ಸ್ವಲ್ಪ ಏರಿ, ಇತ್ತೀಚೆಗೆ 6ರ ಆಸುಪಾಸಿನಲ್ಲಿದೆ. ಎಂಟು ಗೋಲಿನ ಕಾಲದಲ್ಲಿ ಒಂದು ಗೋಲು ಎಂದರೆ ಪಂದ್ಯದ ಒಟ್ಟು ಗೋಲುಗಳಲ್ಲಿ ಶೇ 12.5. ಐದೂವರೆ ಗೋಲಿನ ಕಾಲದಲ್ಲಿ ಅದೇ ಒಂದು ಗೋಲು ಶೇ 18. ಗೋಲ್‌ಕೀಪರ್‌ಗಳ ತರಬೇತಿ ಸುಧಾರಿಸಿತು, ಚರ್ಮದ ಭಾರದ ಪ್ಯಾಡ್ ಹೋಗಿ ಹಗುರವಾದ ದೊಡ್ಡ ಪ್ಯಾಡ್ ಬಂತು, ತಂಡಗಳು ರಕ್ಷಣೆಗೆ ಒತ್ತು ಕೊಟ್ಟವು. ಈ ಲೆಕ್ಕದಲ್ಲಿ ಗೋಲು ಹೊಡೆಯುವುದರಲ್ಲಿ ಒವೆಚ್ಕಿನ್ ಸಾಧನೆ ಇನ್ನಷ್ಟು ದೊಡ್ಡದು. ಆದರೆ ಗ್ರೆಟ್ಸ್ಕಿ ಗೋಲು ಹೊಡೆಸುವುದರಲ್ಲೂ ಮುಂದು. ಸಹ ಆಟಗಾರರ 1,963 ಗೋಲುಗಳಿಗೆ ಅವರು ನೆರವಾಗಿದ್ದಾರೆ. ಬೇರೆ ಯಾರ ಗೋಲು ಮತ್ತು ನೆರವುಗಳನ್ನು ಕೂಡಿಸಿದರೂ ಈ ಒಂದು ಸಂಖ್ಯೆಯನ್ನು ಮುಟ್ಟುವುದಿಲ್ಲ.

ರಿಶಾರ್ ಅವರ 50ಕ್ಕೆ 50 ಬಂದದ್ದು 1944-45ರಲ್ಲಿ, ಅನೇಕ ಒಳ್ಳೆಯ ಆಟಗಾರರು ಯುದ್ಧಕ್ಕೆ ಹೋಗಿದ್ದಾಗ. ಇದನ್ನು ನೆನಪಿಡಬೇಕು. ಹಾಗೆಯೇ ಇಡೀ ಲೀಗ್‌ನಲ್ಲಿ ಆರೇ ತಂಡಗಳಿದ್ದ ಕಾಲವದು, ಅವಕಾಶ ಸಿಗುವುದೇ ಕಷ್ಟವಿತ್ತು ಎನ್ನುವುದನ್ನೂ ನೆನಪಿಡಬೇಕು. 1967ರಲ್ಲಿ ತಂಡಗಳು 12 ಆದವು, ಇಂದು 32. ಆಗ ಋತುವಿಗೆ 50 ಪಂದ್ಯ, 1990ರ ದಶಕದ ಮಧ್ಯದಿಂದ 82. ಕಾರ್ಡ್‌ನ ಹಿಂಭಾಗದಲ್ಲಿ ಇದ್ಯಾವುದೂ ಅಚ್ಚಾಗಿರುವುದಿಲ್ಲ.

ಕಾರ್ಡ್ ಹೇಳದ ಗಾಯ

1990ರಲ್ಲಿ ಎರಿಕ್ ಲಿಂಡ್ರೋಸ್ ಎಂಬ ಹದಿನೇಳರ ಹುಡುಗ ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ. ಆದರೂ ಸ್ಕೋರ್ ಎಂಬ ಕಂಪನಿ ಅವನ ಜೊತೆ ಒಪ್ಪಂದ ಮಾಡಿಕೊಂಡು ಕಾರ್ಡ್ ತಂದಿತ್ತು. 'ಮುಂದಿನ ಗ್ರೆಟ್ಸ್ಕಿ' ಎಂದು ಜನ ಮುಗಿಬಿದ್ದು ಕೊಂಡರು. ಲಿಂಡ್ರೋಸ್ ಸುಳ್ಳಾಗಲಿಲ್ಲ. 1995ರಲ್ಲಿ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ ಪ್ರಶಸ್ತಿ ಪಡೆದರು. ಆದರೆ ಮೇಲಿಂದ ಮೇಲೆ ತಲೆಗೆ ಬಿದ್ದ ಪೆಟ್ಟುಗಳು ಅವರ ಆಟವನ್ನು ಮೊಟಕುಗೊಳಿಸಿದವು. 760 ಪಂದ್ಯಗಳಿಗೆ ಆಟ ಮುಗಿಯಿತು. ಅವರ ತಮ್ಮ ಬ್ರೆಟ್ ಇದೇ ಕಾರಣಕ್ಕೆ 20ನೇ ವಯಸ್ಸಿನಲ್ಲೇ ಆಟ ಬಿಡಬೇಕಾಯಿತು.

ಪೆಟ್ಟಿನ ಹೊಡೆತಕ್ಕೆ ಮಿದುಳು ಬುರುಡೆಯೊಳಗೆ ಅಲುಗಾಡುವುದನ್ನು ಕನ್ಕಷನ್ ಎನ್ನುತ್ತಾರೆ. ಹೊರಗೆ ರಕ್ತ ಕಾಣದಿದ್ದರೂ ತಲೆನೋವು, ಮರೆವು, ವಾಂತಿ, ಗೊಂದಲ ಬರಬಹುದು. ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಪಾಡುತ್ತದೆ, ಒಳಗಿನ ಅಲುಗಾಟವನ್ನು ಪೂರ್ತಿ ತಡೆಯಲಾರದು. ಪದೇಪದೇ ಪೆಟ್ಟು ಬಿದ್ದವರಲ್ಲಿ ಸಿಟಿಇ ಎಂಬ ಮಿದುಳು ಕ್ಷಯಿಸುವ ಕಾಯಿಲೆ ಕಾಣಿಸಬಹುದು. 2009ರಲ್ಲಿ ತೀರಿಕೊಂಡ ಹಳೆಯ ಆಟಗಾರ ರೆಜ್ಜಿ ಫ್ಲೆಮಿಂಗ್ ಅವರ ಮಿದುಳಿನಲ್ಲಿ ಇದು ಪತ್ತೆಯಾಯಿತು. ಎನ್‌ಎಚ್‌ಎಲ್ ಆಟಗಾರರಲ್ಲಿ ಅದೇ ಮೊದಲು. 2011ರಲ್ಲಿ 28ನೇ ವಯಸ್ಸಿಗೇ ಸತ್ತ ಡೆರೆಕ್ ಬೂಗಾರ್ಡ್ ಮಿದುಳಿನಲ್ಲೂ ಪತ್ತೆಯಾಯಿತು. ಅವರು ತಂಡದಲ್ಲಿದ್ದದ್ದೇ ಮುಷ್ಟಿಕಾಳಗಕ್ಕೆ ಎಂಬಂತಿತ್ತು. ಕಾರ್ಡ್‌ನ ಹಿಂಭಾಗದಲ್ಲಿ 'ದಂಡದ ನಿಮಿಷಗಳು' ಎಂಬ ಅಂಕಣವಿರುತ್ತದೆ. ಆ ನಿಮಿಷಗಳಿಗೆ ದೇಹ ತೆತ್ತ ಬೆಲೆಗೆ ಅಂಕಣವಿಲ್ಲ.

ನಂಬಿಕೆ 4: ಇಂದು ಕೊಂಡಿಟ್ಟರೆ ನಾಳೆ ಲಾಭ

ಹಳೆಯ ಕಾರ್ಡ್‌ಗಳಿಗೆ ಬೆಲೆ ಬಂದದ್ದು ಯಾರೂ ಜೋಪಾನ ಮಾಡಲಿಲ್ಲ ಎಂಬ ಕಾರಣಕ್ಕೆ. 1990ರ ಹೊತ್ತಿಗೆ ಎಲ್ಲರೂ ಜೋಪಾನ ಮಾಡತೊಡಗಿದರು. ಅಪ್ಪರ್ ಡೆಕ್, ಸ್ಕೋರ್, ಪ್ರೋ ಸೆಟ್ ಮುಂತಾದ ಹೊಸ ಕಂಪನಿಗಳು ಬಂದು ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದವು. ಜನ ಪೆಟ್ಟಿಗೆಗಟ್ಟಲೆ ಕೊಂಡು, ಪ್ಲಾಸ್ಟಿಕ್ ಹೊದಿಕೆ ಹಾಕಿ, ಮಕ್ಕಳ ಕಾಲೇಜು ಫೀಸಿಗೆ ಆದೀತೆಂದು ಅಟ್ಟದ ಮೇಲಿಟ್ಟರು. ಮೂವತ್ತು ವರ್ಷದ ಮೇಲೆ ಇಳಿಸಿ ನೋಡಿದರೆ ಎಲ್ಲರ ಅಟ್ಟದಲ್ಲೂ ಅದೇ ಕಾರ್ಡ್, ಅದೇ ಹೊಳಪು. ಹಾಗಾಗಿ ಹೆಚ್ಚಿನವಕ್ಕೆ ಬೆಲೆಯೇ ಇಲ್ಲ. ಸಂಗ್ರಾಹಕರು ಆ ಕಾಲವನ್ನು 'ಕಸದ ಯುಗ' ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ.

ಆ ಉಬ್ಬರದಲ್ಲಿ ಹರಿದ ಹಣಕ್ಕಾಗಿ ಜಗಳವೂ ಆಯಿತು. 1992ರ ಏಪ್ರಿಲ್‌ನಲ್ಲಿ ಎನ್‌ಎಚ್‌ಎಲ್ ಆಟಗಾರರು ಹತ್ತು ದಿನ ಮುಷ್ಕರ ಹೂಡಿದರು. ಮುಖ್ಯ ಬೇಡಿಕೆಗಳಲ್ಲೊಂದು ಕಾರ್ಡ್‌ಗಳ ಆದಾಯ. ನಮ್ಮ ಮುಖ, ನಮ್ಮ ಹೆಸರು ಮಾರಿ ಬಂದ ಹಣ ನಮ್ಮದಲ್ಲವೇ ಎಂಬುದು ಅವರ ವಾದ. ಕೊನೆಗೆ ಆ ಹಕ್ಕು ಆಟಗಾರರ ಬಳಿಯೇ ಉಳಿಯಿತು.

ಮುಂದಿನ ತಾರೆ ಯಾರೆಂದು ಊಹಿಸುವುದೂ ಕಷ್ಟ. 1993ರಲ್ಲಿ ತಂಡಗಳು ಹೊಸಬರನ್ನು ಆರಿಸುವಾಗ ಮೊದಲ ಸ್ಥಾನ ಸಿಕ್ಕಿದ್ದು ಅಲೆಕ್ಸಾಂಡರ್ ಡೇಗ್ಲ್ ಎಂಬ ಆಟಗಾರನಿಗೆ. ಅವನ ಕಾರ್ಡ್‌ಗಳಿಗೂ ಭಾರಿ ಬೇಡಿಕೆ. ಆ ನಿರೀಕ್ಷೆ ಈಡೇರಲೇ ಇಲ್ಲ. ಎರಡನೆಯವನಾಗಿ ಆಯ್ಕೆಯಾದ ಕ್ರಿಸ್ ಪ್ರಾಂಗರ್ ಮುಂದೆ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿಯನ್ನೂ ಪಡೆದರು, ಹಾಕಿ ಹಾಲ್ ಆಫ್ ಫೇಮ್ ಕೂಡ ಸೇರಿದರು. ಆಟವನ್ನೇ ಕಸುಬಾಗಿಸಿಕೊಂಡ ಆಯ್ಕೆದಾರರು ಎಡವಿದ ಕಡೆ, ಮೊಬೈಲ್‌ನಲ್ಲಿ ಬಂದ ಸಲಹೆ ನಂಬಿ ಕೊಳ್ಳುವವರ ಪಾಡೇನು?

ನಕಲಿಯ ಕಾಟ ಬೇರೆ. ಗ್ರೆಟ್ಸ್ಕಿ ಕಾರ್ಡ್‌ನ ನಕಲುಗಳು ಬೇಕಾದಷ್ಟಿವೆ. ಅಸಲಿಯನ್ನೇ ತಿದ್ದುವುದೂ ಉಂಟು. 1991ರಲ್ಲಿ ಸ್ವತಃ ಗ್ರೆಟ್ಸ್ಕಿ ತಮ್ಮ ತಂಡದ ಅಂದಿನ ಮಾಲೀಕ ಬ್ರೂಸ್ ಮೆಕ್‌ನಾಲ್ ಜೊತೆ ಸೇರಿ, ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ ಸಿಗರೇಟ್ ಕಾರ್ಡನ್ನು 4,51,000 ಡಾಲರ್‌ಗೆ ಕೊಂಡರು. ಪಿಎಸ್‌ಎ ಅಂಕ ಕೊಟ್ಟ ಮೊದಲ ಕಾರ್ಡ್ ಅದೇ. 2013ರಲ್ಲಿ ಆ ಕಾರ್ಡನ್ನು ಹಿಂದೆ ಮಾರಿದ್ದ ವ್ಯಾಪಾರಿ ಬಿಲ್ ಮ್ಯಾಸ್ಟ್ರೋ, ಅದರ ಅಂಚು ಕತ್ತರಿಸಿ ಚೊಕ್ಕಗೊಳಿಸಿದ್ದು ನಿಜವೆಂದು ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಪರಿಣತರ ಕಣ್ಣೂ ತಪ್ಪಿತ್ತು.

ಇದರಿಂದ ನಮಗೇನು?

ನಮ್ಮ ಮನೆಗಳಲ್ಲಿ ಹಾಕಿ ಕಾರ್ಡ್ ಇರಲಿಕ್ಕಿಲ್ಲ. ಹಳೆಯ ನೋಟು, ನಾಣ್ಯ ಇರುತ್ತವೆ. ವಂಚಕರು ಬಳಸುವುದು ಇದೇ ತರ್ಕ: ಎಲ್ಲೋ ಒಂದು ಅಪರೂಪದ ಪ್ರತಿಗೆ ಸಿಕ್ಕ ನಿಜವಾದ ಬೆಲೆಯನ್ನು ತೋರಿಸಿ, ನಿಮ್ಮ ಡಬ್ಬಿಯಲ್ಲಿರುವುದಕ್ಕೂ ಅಷ್ಟೇ ಎಂದು ನಂಬಿಸುವುದು. ಆಮೇಲೆ 'ನೋಂದಣಿ ಶುಲ್ಕ', 'ತೆರಿಗೆ', 'ಕಮಿಷನ್' ಎಂದು ಹಣ ಕೇಳುವುದು. ತನ್ನ ಹೆಸರು, ಲಾಂಛನ ಬಳಸಿ ಹೀಗೆ ಹಣ ಕೇಳಲಾಗುತ್ತಿದೆ, ತಾನು ಇಂಥ ವ್ಯವಹಾರ ನಡೆಸುವುದಿಲ್ಲ, ಯಾರಿಗೂ ಅನುಮತಿ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ.

ಆದ್ದರಿಂದ ಇಂಥ ಸಂದೇಶ ಬಂದಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ:

• ಈ ಬೆಲೆ ಎಲ್ಲ ಪ್ರತಿಗಳದ್ದೋ, ಒಂದೇ ಒಂದು ಪ್ರತಿಯದ್ದೋ?
• ಇದು ಕೇಳಿದ ಬೆಲೆಯೋ, ನಿಜವಾಗಿ ಯಾರಾದರೂ ಕೊಟ್ಟ ಬೆಲೆಯೋ? ಜಾಲತಾಣದಲ್ಲಿ ಯಾರು ಎಷ್ಟು ಬೇಕಾದರೂ ಬರೆಯಬಹುದು.
• ಇಂಥದ್ದು ಇನ್ನೆಷ್ಟು ಜನರ ಬಳಿ ಇದೆ?
• ಮಾರುವವನೇ ಮೊದಲು ಹಣ ಕಟ್ಟಬೇಕೇ? ಹೌದೆಂದರೆ ಅದು ಮೋಸ. ಹಣ ಕಳೆದುಕೊಂಡಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಕೊನೆಗೆ, ಕಾರ್ಡ್‌ನ ಬೆಲೆಗೂ ಬದುಕಿನ ಬೆಲೆಗೂ ಸಂಬಂಧ ಹುಡುಕುವುದು ಬೇಡ. 1989ರಲ್ಲಿ ರಾಬಿನ್ ಬಾವಾ ಎಂಬ ಕೆನಡಾದ ಯುವಕ ಎನ್‌ಎಚ್‌ಎಲ್‌ನಲ್ಲಿ ಆಡಿದ ಭಾರತೀಯ ಮೂಲದ ಮೊದಲ ಆಟಗಾರನಾದರು. ಆಡಿದ್ದು 61 ಪಂದ್ಯ. ನಂತರ ಬಂದ, ತಂದೆಯ ಕಡೆಯಿಂದ ಭಾರತೀಯ ಮೂಲದವರಾದ ಮ್ಯಾನಿ ಮಲ್ಹೋತ್ರಾ 991 ಪಂದ್ಯ ಆಡಿದರು. ಇವರ ಕಾರ್ಡ್‌ಗಳಿಗೆ ಯಾರೂ ಕೋಟಿ ಕೊಡುವುದಿಲ್ಲ. ಆದರೆ ತಮ್ಮಂಥ ಹೆಸರಿನವರೂ ಅಲ್ಲಿ ಆಡಬಹುದೆಂದು ಇವರನ್ನು ನೋಡಿ ತಿಳಿದ ಮಗುವಿಗೆ ಆ ಕಾರ್ಡ್ ಎಷ್ಟು ಬೆಲೆಯದು ಎಂದು ಯಾವ ಹರಾಜಿನಲ್ಲೂ ಗೊತ್ತಾಗುವುದಿಲ್ಲ.